ಆಟ ಕೊಂಡವನೂ ಗಿರಾಕಿಯೇ: ಗ್ರಾಹಕ ವ್ಯವಹಾರಗಳ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶ್ರೀ ಪ್ರಲ್ಹಾದ ಜೋಶಿ ಅವರಿಗೆ,
ಕೇಂದ್ರ ಗ್ರಾಹಕ ವ್ಯವಹಾರ, ಆಹಾರ ಮತ್ತು ಸಾರ್ವಜನಿಕ ವಿತರಣೆ ಸಚಿವರು, ನವದೆಹಲಿ.

ಸಾಹೇಬರೇ, ನಮಸ್ಕಾರ.

ನಾನು ನಿಮ್ಮ ಕ್ಷೇತ್ರದ ಮತದಾರ. ಧಾರವಾಡದ ಸಪ್ತಾಪುರದಲ್ಲಿ ಸಣ್ಣದೊಂದು ಅಂಗಡಿ ನಡೆಸುತ್ತೇನೆ. ಝೆರಾಕ್ಸ್, ಪ್ರಿಂಟು, ಲ್ಯಾಮಿನೇಶನ್, ನೌಕರಿ ಪರೀಕ್ಷೆಗಳ ಆನ್‌ಲೈನ್ ಅರ್ಜಿ, ಇಷ್ಟೇ ವ್ಯಾಪಾರ. 2004ರಲ್ಲಿ ನೀವು ಮೊದಲ ಸಲ ಲೋಕಸಭೆಗೆ ಹೋದಿರಿ. ಅದೇ ವರ್ಷ ನಾನು ಆರು ಕಂಪ್ಯೂಟರ್ ಇಟ್ಟು ಇಲ್ಲಿ ಸೈಬರ್ ಕೆಫೆ ತೆರೆದೆ. ಆಮೇಲೆ ನಿಮ್ಮ ಬೋರ್ಡು ದೊಡ್ಡದಾಗುತ್ತ ಹೋಯಿತು, ನನ್ನದು ಸಣ್ಣದಾಗುತ್ತ ಬಂತು. ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಬೇರೆಯೇ ಇದೆ.

ಆ ದಿನಗಳಲ್ಲಿ ಸಂಜೆಯಾದರೆ ಕೋಚಿಂಗ್ ಕ್ಲಾಸ್ ಮುಗಿಸಿದ ಹುಡುಗರು ಕಾರ್ ರೇಸ್ ಆಡಲು ಬರುತ್ತಿದ್ದರು. ತಾಸಿಗೆ 20 ರೂಪಾಯಿ. ಆಟದ ಸಿಡಿಗಳನ್ನು ಹುಬ್ಬಳ್ಳಿಗೆ ಹೋಗಿ ತರುತ್ತಿದ್ದೆ. ಎಲ್ಲವೂ ಅಸಲಿಯೇ ಆಗಿದ್ದವು ಎಂದು ನಿಮ್ಮ ಮುಂದೆ ಸುಳ್ಳು ಹೇಳಲಾರೆ. ಆದರೆ 2006ರಲ್ಲಿ 799 ರೂಪಾಯಿ ಕೊಟ್ಟು ತಂದ ಒಂದು ಅಸಲಿ ಡಬ್ಬಿ ಇನ್ನೂ ಕಪಾಟಿನಲ್ಲಿದೆ. ಕಳೆದ ದಸರಾ ರಜೆಯಲ್ಲಿ ಹಳೆಯ ಕಂಪ್ಯೂಟರ್ ಧೂಳು ಒರೆಸಿ ಆ ಸಿಡಿ ಹಾಕಿದೆ. ಓಡಿತು. ಆ ಕಂಪನಿ ಈಗ ಯಾರ ಕೈಯಲ್ಲಿದೆಯೋ ನನಗೆ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇಲ್ಲ. ದುಡ್ಡು ಕೊಟ್ಟೆ, ವಸ್ತು ನನ್ನದಾಯಿತು.

ಈಗ ನನ್ನ ಮಗನ ಕಥೆ ಕೇಳಿ. ಪಿಯುಸಿ ಎರಡನೇ ವರ್ಷ. ಅಜ್ಜಿ ದೀಪಾವಳಿಗೆ ಕೊಟ್ಟಿದ್ದು, ಅಂಗಡಿಯಲ್ಲಿ ನನಗೆ ಕೈಜೋಡಿಸಿದ್ದಕ್ಕೆ ನಾನು ಕೊಟ್ಟಿದ್ದು ಎಲ್ಲ ಕೂಡಿಸಿ 2,499 ರೂಪಾಯಿಗೆ ಒಂದು ಆಟ ಕೊಂಡ. ಒಬ್ಬನೇ ಕೂತು ಆಡುವ, ಕಥೆ ಇರುವ ಆಟ. ಕಂಪನಿಯ ಹೆಸರು ಇಲ್ಲಿ ಬೇಡ, ಜಗಳ ಒಂದು ಕಂಪನಿಯದಲ್ಲ. ಪರದೆಯ ಮೇಲೆ ಹಸಿರು ಗುಂಡಿ ಇತ್ತು. ಅದರ ಮೇಲೆ ‘ಬೈ ನೌ’ ಎಂದಿತ್ತು. ಒತ್ತಿದ, ಯುಪಿಐನಲ್ಲಿ ದುಡ್ಡು ಹೋಯಿತು, ಬಿಲ್ಲು ಬಂತು. ಬಿಲ್ಲಿನಲ್ಲಿ ಶೇ 18ರಷ್ಟು ಜಿಎಸ್‌ಟಿ, ಅಂದರೆ 381 ರೂಪಾಯಿ, ನಿಮ್ಮ ಸರ್ಕಾರಕ್ಕೆ.

ಹದಿನಾಲ್ಕು ತಿಂಗಳಾದ ಮೇಲೆ ಒಂದು ಇಮೇಲ್. ಇಂಥ ತಾರೀಖಿಗೆ ಸರ್ವರ್ ಮುಚ್ಚುತ್ತೇವೆ, ನಮ್ಮ ಜೊತೆ ಕಳೆದ ಸವಿನೆನಪುಗಳಿಗೆ ಧನ್ಯವಾದ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಒಬ್ಬನೇ ಆಡುವ ಆಟಕ್ಕೂ ಸರ್ವರಿಗೂ ಏನು ಸಂಬಂಧ ಎಂದು ಕೇಳಿದೆ. ಶುರುವಾಗುವಾಗ ಅದು ಒಮ್ಮೆ ಸರ್ವರ್‌ನ, ಅಂದರೆ ಎಲ್ಲೋ ದೂರದಲ್ಲಿರುವ ಕಂಪನಿಯ ಕಂಪ್ಯೂಟರಿನ, ಅಪ್ಪಣೆ ಕೇಳುತ್ತದಂತೆ. ಅಪ್ಪಣೆ ಕೊಡುವವರು ಇಲ್ಲದಿದ್ದರೆ ತೆರೆಯುವುದೇ ಇಲ್ಲ. ಆ ತಾರೀಖು ಬಂತು, ಆಟ ನಿಂತಿತು. ‘ಅಪ್ಪಾ, ನಾನು ಡಿಲೀಟ್ ಮಾಡಿಲ್ಲ, 60 ಜಿಬಿ ಇಲ್ಲೇ ಇದೆ’ ಎಂದು ಮಗ ಫೋಲ್ಡರ್ ತೆರೆದು ತೋರಿಸಿದ. ಸಾಮಾನು ನಮ್ಮ ಮನೆಯಲ್ಲಿ, ಕೀಲಿ ಅವರ ಜೇಬಿನಲ್ಲಿ.

ದುಡ್ಡು ವಾಪಸ್ ಕೇಳಿದೆವು. ಎರಡೇ ದಿನಕ್ಕೆ ಉತ್ತರ ಬಂತು, ಆ ಮಟ್ಟಿಗೆ ಅವರನ್ನು ಮೆಚ್ಚಬೇಕು. ನೀವು ಆಟ ಕೊಂಡಿಲ್ಲ, ಆಡುವ ಪರವಾನಗಿ ಮಾತ್ರ ಪಡೆದಿದ್ದೀರಿ, ಅದನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದೆಂದು ಒಪ್ಪಂದದಲ್ಲಿದೆ, ನೋಡಿಕೊಳ್ಳಿ ಎಂದರು. ನೋಡಿಕೊಂಡೆ. ನನ್ನದೇ ಅಂಗಡಿಯಲ್ಲಿ ಪ್ರಿಂಟ್ ತೆಗೆದೆ, 38 ಪುಟ. ಹದಿನೇಳನೇ ಪುಟದಲ್ಲಿ ಆ ಸಾಲು ಇತ್ತು. ಹದಿನೇಳು ವರ್ಷದ ಹುಡುಗ ಹಸಿರು ಗುಂಡಿ ಒತ್ತುವ ಮುಂಚೆ ಇದನ್ನೆಲ್ಲ ಓದುತ್ತಾನೆ ಎಂದು ಯಾರು ನಂಬುತ್ತಾರೆ? ಇಪ್ಪತ್ತು ವರ್ಷ ಇಂಗ್ಲಿಷ್ ಅರ್ಜಿ ತುಂಬಿಸಿದ ನನಗೇ ಅದು ಪೂರ್ತಿ ಅರ್ಥವಾಗಲಿಲ್ಲ.

ಸಂತೆಯಲ್ಲಿ ಎಮ್ಮೆ ಮಾರಿದವನು ವರ್ಷ ಬಿಟ್ಟು ಬಂದು ‘ಮಾರಿದ್ದು ಎಮ್ಮೆ ಅಲ್ಲ, ಹಾಲು ಕರೆಯುವ ಅನುಮತಿ’ ಎಂದು ಹಗ್ಗ ಬಿಚ್ಚಿಕೊಂಡು ಹೋದರೆ ಊರು ಸುಮ್ನೆ ಇರುತ್ತದೆಯೇ? ಇಲ್ಲಿ ಮಾತ್ರ ಎಲ್ಲರೂ ಸುಮ್ಮನಿದ್ದಾರೆ.

ಇದು ನಮ್ಮ ಮನೆಯೊಂದರ ಗೋಳಲ್ಲ ಎಂದು ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ ‘ದಿ ಕ್ರ್ಯೂ’ ಎಂಬ ಕಾರ್ ರೇಸ್ ಆಟವನ್ನು 2014ರಲ್ಲಿ ಮಾರುಕಟ್ಟೆಗೆ ತಂದಿತ್ತು. 2024ರ ಮಾರ್ಚ್ 31ರಂದು ಅದರ ಸರ್ವರ್ ಮುಚ್ಚಿತು. ಒಬ್ಬರೇ ಆಡುವ ಭಾಗವೂ ಅದರ ಜೊತೆ ಹೋಯಿತು. ಅದಾದ ಮೇಲೆ ಜನರ ಖಾತೆಗಳಿಂದ ಆ ಆಟದ ಪರವಾನಗಿಯನ್ನೂ ತೆಗೆದುಹಾಕಿದರು. ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ ಇದನ್ನು ಹಿಡಿದುಕೊಂಡು ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂಬ ಚಳವಳಿ ಶುರುಮಾಡಿದರು. ಯುರೋಪಿನಲ್ಲಿ ನಾಗರಿಕರು ಹತ್ತು ಲಕ್ಷ ಸಹಿ ಕೂಡಿಸಿದರೆ ಯುರೋಪಿಯನ್ ಒಕ್ಕೂಟದ ಆಯೋಗ ಆ ವಿಷಯಕ್ಕೆ ಉತ್ತರ ಕೊಡಲೇಬೇಕೆಂಬ ನಿಯಮ ಇದೆ. 2025ರ ಜುಲೈನಲ್ಲಿ ಈ ಸಹಿಗಳು ಹತ್ತು ಲಕ್ಷದ ಗಡಿ ದಾಟಿದವು. ವಿಡಿಯೊ ಗೇಮ್ ವಿಷಯಕ್ಕೆ! ನಮ್ಮಲ್ಲಿ ಹಿರಿಯರಿಗೆ ಹೇಳಿದರೆ ನಗುತ್ತಾರೆ.

ಸರ್ವರ್ ಎಂದೆಂದಿಗೂ ನಡೆಸಿ ಎಂದು ಆ ಚಳವಳಿಯವರು ಕೇಳುತ್ತಿಲ್ಲ. ನಾನೂ ಕೇಳುವುದಿಲ್ಲ. ಕರೆಂಟ್ ಬಿಲ್ಲು, ಬಾಡಿಗೆ, ಎಂಜಿನಿಯರುಗಳ ಸಂಬಳ ಕಂಪನಿಗೂ ಇರುತ್ತದೆ. ಗಿರಾಕಿ ಬರದ ಆರು ಕಂಪ್ಯೂಟರನ್ನು ಮಾರಿ ಕೆಫೆ ಮುಚ್ಚಿದವನು ನಾನು, ನನಗೆ ಆ ಲೆಕ್ಕ ಗೊತ್ತಿದೆ. ಕೇಳುತ್ತಿರುವುದು ಇಷ್ಟೇ: ಬಾಗಿಲು ಹಾಕುವಾಗ ಆಟ ಇಂಟರ್ನೆಟ್ ಇಲ್ಲದೆ ಓಡುವಂತೆ ಮಾಡಿಟ್ಟು ಹೋಗಿ. ಆಗುವುದಿಲ್ಲ ಎಂದು ಕಂಪನಿಗಳು ಹೇಳುತ್ತವೆ. ಅದೇ ಯೂಬಿಸಾಫ್ಟ್, ಗದ್ದಲ ಜಾಸ್ತಿ ಆದ ಮೇಲೆ, ಆ ಆಟದ ಮುಂದಿನ ಎರಡು ಭಾಗಗಳಿಗೆ ಆಫ್‌ಲೈನ್ ವ್ಯವಸ್ಥೆ ಮಾಡುವುದಾಗಿ 2024ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಆಗುತ್ತದೆ ಅಂತಾಯಿತಲ್ಲ? ದುಡ್ಡು ವಾಪಸ್ ಕೊಡುವುದೂ ಆಗದ ಮಾತಲ್ಲ. ಸೋನಿ ಕಂಪನಿ ‘ಕಾಂಕಾರ್ಡ್’ ಎಂಬ ಆಟವನ್ನು 2024ರ ಆಗಸ್ಟ್ 23ಕ್ಕೆ ಬಿಡುಗಡೆ ಮಾಡಿ ಸೆಪ್ಟೆಂಬರ್ 6ಕ್ಕೆ ಮುಚ್ಚಿತು. ಕೊಂಡವರಿಗೆಲ್ಲ ಹಣ ಹಿಂದಿರುಗಿಸಿತು. ಗೂಗಲ್ ‘ಸ್ಟೇಡಿಯಾ’ ಎಂಬ ತನ್ನ ಆಟದ ಸೇವೆಯನ್ನು 2023ರ ಜನವರಿಯಲ್ಲಿ ನಿಲ್ಲಿಸಿದಾಗ ಜನ ಅಲ್ಲಿ ಕೊಂಡಿದ್ದ ಆಟಗಳ ದುಡ್ಡು ಕೊಟ್ಟಿತು. ಅಂದರೆ ಕಂಪನಿಗೆ ಮನಸ್ಸಿದ್ದರೆ ಕೊಡುತ್ತದೆ. ಗಿರಾಕಿಯ ಹಕ್ಕು ಕಂಪನಿಯ ಮನಸ್ಸಿನ ಮೇಲೆ ನಿಂತಿದೆ. ನನ್ನ ಜಗಳ ಇರುವುದು ಅಲ್ಲೇ.

ನನ್ನ ಅಂಗಡಿಗೆ ಝೆರಾಕ್ಸ್ ಮಾಡಿಸಲು ಬರುವ ವಕೀಲರೊಬ್ಬರಿದ್ದಾರೆ. ಆ 38 ಪುಟ ಅವರ ಕೈಗೆ ಕೊಟ್ಟು ಏನು ಮಾಡಬಹುದು ಎಂದು ಕೇಳಿದೆ. ಅವರು ಹೇಳಿದ್ದನ್ನು ಕೇಳಿ ಮೊದಲು ಖುಷಿಯಾಯಿತು, ಆಮೇಲೆ ತಲೆ ಕೆರೆದುಕೊಂಡೆ.

ಖುಷಿ ಏಕೆಂದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗಟ್ಟಿಯಾಗಿಯೇ ಇದೆ. ಆನ್‌ಲೈನ್‌ನಲ್ಲಿ ಕೊಂಡವನೂ ಗ್ರಾಹಕನೇ. ಮನೆ ಇರುವ ಊರಿನಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೂ ಇಲ್ಲ. 2020ರ ಇ-ಕಾಮರ್ಸ್ ನಿಯಮಗಳು ಡಿಜಿಟಲ್ ಸರಕಿಗೂ ಅನ್ವಯಿಸುತ್ತವೆ, ಹೊರದೇಶದಲ್ಲಿ ಕೂತು ಇಲ್ಲಿನವರಿಗೆ ಮಾರುವ ಕಂಪನಿಗೂ ಅನ್ವಯಿಸುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ‘ಅನ್ಯಾಯದ ಒಪ್ಪಂದ’ ಎಂದರೇನು ಎಂದು ಕಾಯ್ದೆ ಬಿಡಿಸಿ ಹೇಳುತ್ತದೆ. ಸರಿಯಾದ ಕಾರಣ ಇಲ್ಲದೆ ಒಂದೇ ಕಡೆಯವರು ಒಪ್ಪಂದ ಮುರಿಯಬಹುದು ಎಂಬ ಷರತ್ತು ಆ ಪಟ್ಟಿಯಲ್ಲೇ ಇದೆ. ನಮ್ಮ ಹದಿನೇಳನೇ ಪುಟವನ್ನೇ ನೋಡಿ ಬರೆದ ಹಾಗಿದೆ!

ತಲೆ ಕೆರೆದುಕೊಂಡಿದ್ದು ಏಕೆಂದರೆ, ‘ಈ ಷರತ್ತೇ ಅನ್ಯಾಯ, ಇದನ್ನು ರದ್ದು ಮಾಡಿ’ ಎಂದು ಕೇಳಬೇಕಾದರೆ ಜಿಲ್ಲಾ ಆಯೋಗಕ್ಕೆ ಹೋಗುವಂತಿಲ್ಲ. ಅನ್ಯಾಯದ ಒಪ್ಪಂದದ ದೂರು ಕೇಳುವ ಅಧಿಕಾರವನ್ನು ಕಾಯ್ದೆ ಕೊಟ್ಟಿರುವುದು ರಾಜ್ಯ ಆಯೋಗಕ್ಕೆ ಮತ್ತು ಅದರ ಮೇಲಿನ ರಾಷ್ಟ್ರೀಯ ಆಯೋಗಕ್ಕೆ. ‘ಎರಡೂವರೆ ಸಾವಿರಕ್ಕೆ ರಾಜ್ಯ ಆಯೋಗದ ತನಕ ಹೋಗ್ತೀರಾ? ವಕೀಲರ ಫೀಸು ಎಷ್ಟಾಗುತ್ತದೆ ಗೊತ್ತಾ?’ ಎಂದು ವಕೀಲರೇ ನಕ್ಕರು. ಸಣ್ಣ ಮೊತ್ತದ ಅನ್ಯಾಯಗಳು ಬದುಕಿರುವುದೇ ಹೀಗೆ ಅಲ್ವಾ? ಒಬ್ಬೊಬ್ಬರದೂ ಸಣ್ಣದು, ಆದ್ದರಿಂದ ಯಾರೂ ಹೋಗುವುದಿಲ್ಲ. ಲಕ್ಷ ಜನರದು ಕೂಡಿಸಿದರೆ ಎಷ್ಟಾಗುತ್ತದೆ, ಯಾರೂ ಕೂಡಿಸುವುದಿಲ್ಲ.

ಇನ್ನು ನಿಮ್ಮ ಸರ್ಕಾರದ ಪಾತ್ರದ ಬಗ್ಗೆ. ಇದನ್ನು ಬರೆಯಲು ಸ್ವಲ್ಪ ಹಿಂಜರಿಕೆ ಇದೆ, ಆದರೂ ಬರೆಯುತ್ತೇನೆ.

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ಪಬ್‌ಜಿ ಮೊಬೈಲ್ ಅದರಲ್ಲಿತ್ತು. ಚೀನಾ ಗಡಿಯಲ್ಲಿ ಆಗ ನಡೆಯುತ್ತಿದ್ದುದು ನಮಗೆಲ್ಲ ನೆನಪಿದೆ. ದೇಶದ ಭದ್ರತೆ ಎಂದಿರಿ, ಒಪ್ಪಿದೆವು. 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್ ಹೋಯಿತು. ಪಬ್‌ಜಿ ಜಾಗಕ್ಕೆ ಬಂದಿದ್ದ ಬಿಜಿಎಂಐ ಅದೇ ವರ್ಷ ಜುಲೈನಲ್ಲಿ ಮಾಯವಾಯಿತು, 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ಈ ಆಟಗಳು ಪುಕ್ಕಟೆ ಸಿಗುತ್ತವೆ ನಿಜ. ಆದರೆ ಒಳಗೆ ಬಟ್ಟೆ, ಬಂದೂಕಿನ ಬಣ್ಣ, ಪಾಸು ಎಂದು ಹುಡುಗರು ನೂರು, ಐನೂರು, ಸಾವಿರ ಹಾಕಿರುತ್ತಾರೆ. ನನ್ನ ಅಂಗಡಿಯಲ್ಲೇ ಎಷ್ಟೋ ಹುಡುಗರು ನಗದು ಕೊಟ್ಟು ನನ್ನ ಯುಪಿಐನಿಂದ ರೀಚಾರ್ಜ್ ಮಾಡಿಸಿಕೊಂಡಿದ್ದಾರೆ. ನಿಷೇಧದ ಮರುದಿನ ಅವರೆಲ್ಲ ಬಂದು ಕೇಳಿದ್ದು ಒಂದೇ ಪ್ರಶ್ನೆ: ‘ಅಂಕಲ್, ನಮ್ಮ ರೊಕ್ಕ?’ ಸರ್ಕಾರದ ಪ್ರಕಟಣೆಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. 2021ರಲ್ಲಿ ಬಿಜಿಎಂಐ ಬಂದಾಗ ಹಳೆಯ ಖಾತೆಯ ಸಾಮಾನನ್ನು ಅಲ್ಲಿಗೆ ತಂದುಕೊಳ್ಳಲು ಬಿಟ್ಟರು. ಅದೂ ಕಂಪನಿ ಕೊಟ್ಟ ಅವಕಾಶ, ಕಾನೂನು ಕೊಡಿಸಿದ್ದಲ್ಲ. ನಿಷೇಧ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಬರುವುದಿಲ್ಲ. ನಿಷೇಧಿಸುವಾಗ ಗಿರಾಕಿಯ ದುಡ್ಡಿನ ಬಗ್ಗೆ ಒಂದು ಸಾಲು ಬರೆಯಲು ಏನು ಕಷ್ಟವಿತ್ತು?

2025ರ ಆಗಸ್ಟಿನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂತು. 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಹಣ ಕಟ್ಟಿ ಆಡುವ ಆಟಗಳನ್ನು ನಡೆಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆನ್‌ಲೈನ್ ರಮ್ಮಿಯಲ್ಲಿ ಸಂಬಳ ಕಳೆದುಕೊಂಡು, ನನ್ನ ಅಂಗಡಿಯಲ್ಲಿ ಕೂತು ಸಾಲದ ಆ್ಯಪ್‌ಗೆ ಅರ್ಜಿ ಹಾಕಿದವರನ್ನು ಕಂಡಿದ್ದೇನೆ. ಹಾಗಾಗಿ ಈ ಕಾಯ್ದೆಯ ಉದ್ದೇಶ ನನಗೆ ಅರ್ಥವಾಗುತ್ತದೆ. ಕರ್ನಾಟಕ ಸರ್ಕಾರ 2021ರಲ್ಲಿ ಇಂಥದ್ದೇ ಕಾನೂನು ತಂದು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದನ್ನು ಹೊಡೆದುಹಾಕಿದ್ದೂ ಗೊತ್ತಿದೆ. ಹೊಸ ಕಾಯ್ದೆಯೂ ಕೋರ್ಟಿನ ಮೆಟ್ಟಿಲು ಹತ್ತಿದೆ. ಅದರ ಹಣೆಬರಹ ಅಲ್ಲಿ ತೀರ್ಮಾನವಾಗಲಿ.

ನಾನು ಹೇಳಬೇಕಾಗಿರುವುದು ಬೇರೆ. ಆ ಕಾಯ್ದೆಯ ಕಣ್ಣಲ್ಲಿ ಆಟ ಆಡುವವನು ಒಂದೋ ಚಟಕ್ಕೆ ಬಿದ್ದವನು, ಇಲ್ಲವೇ ಇ-ಸ್ಪೋರ್ಟ್ಸ್ ಆಡಿ ಪದಕ ತರುವವನು. ಚಟವೂ ಇಲ್ಲದ, ಪದಕವೂ ಬೇಡದ, ಸುಮ್ನೆ ಸಂಜೆ ಒಂದು ತಾಸು ಆಡಲು ದುಡ್ಡು ಕೊಟ್ಟು ಆಟ ಕೊಂಡ ಗಿರಾಕಿ ಅದರಲ್ಲಿ ಎಲ್ಲಿದ್ದಾನೆ? ಹುಡುಕಿದೆ, ಸಿಗಲಿಲ್ಲ. ನಿಷೇಧ ಬಂದಾಗ ಹಣದಾಟದ ದೊಡ್ಡ ಆ್ಯಪ್‌ಗಳು ‘ವಾಲೆಟ್‌ನಲ್ಲಿರುವ ನಿಮ್ಮ ಹಣ ತೆಗೆದುಕೊಳ್ಳಬಹುದು’ ಎಂದು ಪ್ರಕಟಿಸಿದವು. ಪಣಕ್ಕೆ ಇಟ್ಟುಕೊಂಡಿದ್ದ ರೊಕ್ಕ ವಾಪಸ್ ಬಂತು. ಬಿಲ್ಲು ಹಾಕಿಸಿ, ಜಿಎಸ್‌ಟಿ ಕಟ್ಟಿ ಕೊಂಡ ನನ್ನ ಮಗನದು ಬರಲಿಲ್ಲ. ಇದನ್ನು ಅವನಿಗೆ ಹೇಗೆ ವಿವರಿಸಲಿ?

ಆಟದ ಮಾತು ಬೇಡ ಎನ್ನುವವರಿಗೆ ನನ್ನ ಪ್ರಿಂಟರ್ ತೋರಿಸುತ್ತೇನೆ. ಮೂರು ವರ್ಷ ಹೊರಗಿನ ಇಂಕ್ ಹಾಕಿಕೊಂಡು ಚೆನ್ನಾಗಿ ನಡೆದಿತ್ತು. ಒಂದು ಬೆಳಗ್ಗೆ ತಾನೇ ಅಪ್‌ಡೇಟ್ ಮಾಡಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ‘ಈ ಕಾರ್ಟ್ರಿಜ್ ನಮ್ಮದಲ್ಲ’ ಎಂದು ಕೆಂಪು ದೀಪ ಹಾಕಿ ಕೂತಿತು. ಅವತ್ತು ಹಾಲ್ ಟಿಕೆಟ್ ಪ್ರಿಂಟ್ ಮಾಡಿಸಲು ಹೊರಗೆ ಹದಿನೈದು ಹುಡುಗರು ನಿಂತಿದ್ದರು. ನನ್ನ ಅಂಗಡಿ, ನನ್ನ ಕರೆಂಟು, ನಾನು ಕೊಂಡ ಯಂತ್ರ. ಅದರೊಳಗೆ ಯಾವ ಇಂಕ್ ಇರಬೇಕೆಂದು ತೀರ್ಮಾನಿಸುವವರು ಬೇರೆ. ಕಂಪನಿಯ ಕಾರ್ಟ್ರಿಜ್ ತರಲು ಹುಡುಗನನ್ನು ಓಡಿಸಿದೆ. ಅದರ ಬೆಲೆ ಹೊರಗಿನದಕ್ಕಿಂತ ನಾಲ್ಕು ಪಟ್ಟು. ಮಗನ ಆಟಕ್ಕೂ ನನ್ನ ಪ್ರಿಂಟರಿಗೂ ಆದದ್ದು ಒಂದೇ: ಮಾರಿದ ಮೇಲೂ ಮಾರಿದವನ ಕೈ ವಸ್ತುವಿನ ಒಳಗೇ ಉಳಿದಿದೆ.

ನಿಮ್ಮ ಸಚಿವಾಲಯ ಏನೂ ಮಾಡಿಲ್ಲ ಎಂದರೆ ನನ್ನ ನಾಲಿಗೆ ಒಪ್ಪುವುದಿಲ್ಲ. 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದೇ, ರಿಪೇರಿ ಹಕ್ಕಿನ ಪೋರ್ಟಲ್ ಬಂತು. ಆದರೆ ಅದು ಮಾಹಿತಿ ಕೊಡುತ್ತದೆ, ಹಕ್ಕು ಕೊಡುವುದಿಲ್ಲ. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ‘ಡಾರ್ಕ್ ಪ್ಯಾಟರ್ನ್’ಗಳ ಮೇಲೆ ಮಾರ್ಗಸೂಚಿ ಹೊರಡಿಸಿತು. ಗಿರಾಕಿಯ ಕಣ್ಣಿಗೆ ಮಣ್ಣೆರಚುವ 13 ಬಗೆಯ ಚಾಲಾಕಿಗಳನ್ನು ಹೆಸರಿಟ್ಟು ಪಟ್ಟಿ ಮಾಡಿದರು. ಗಿರಾಕಿ ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಚಂದಾ ಕಟ್ಟಿದವನು ಹೊರಬರದಂತೆ ಸಿಕ್ಕಿಸುವುದು, ಎಲ್ಲ ಅದರಲ್ಲಿದೆ. 2025ರಲ್ಲಿ ನೀವೇ ಮುಂದೆ ನಿಂತು ಆನ್‌ಲೈನ್ ವ್ಯಾಪಾರದ ಕಂಪನಿಗಳನ್ನು ಕರೆಸಿ ಈ ಬಗ್ಗೆ ಸಭೆ ಮಾಡಿದ್ದೂ ಓದಿದ್ದೇನೆ. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಡಿ ಎಂದು ಕೇಳಲು ಈ ಪತ್ರ.

ಪರವಾನಗಿ ಕೊಡುತ್ತಾ ಗುಂಡಿಯ ಮೇಲೆ ‘ಖರೀದಿಸಿ’ ಎಂದು ಬರೆಯುವುದನ್ನು ಹದಿನಾಲ್ಕನೇ ಚಾಲಾಕಿಯಾಗಿ ಸೇರಿಸಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಇಂಥ ಕಾನೂನು ನಡೆಯುತ್ತಿದೆ. ಕೊಡುತ್ತಿರುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ಹೇಳದೆ, ಡಿಜಿಟಲ್ ಸರಕಿಗೆ ‘ಬೈ’ ಎಂಬ ಪದ ಬಳಸುವಂತಿಲ್ಲ. ಆ ಕಾನೂನಿಗೆ ಅಲ್ಲಿನ ಗವರ್ನರ್ ಸಹಿ ಹಾಕಿ ಹೆಚ್ಚು ದಿನವಾಗಿರಲಿಲ್ಲ, ಸ್ಟೀಮ್ ಎಂಬ ದೊಡ್ಡ ಆಟದಂಗಡಿ ದುಡ್ಡು ಕಟ್ಟುವ ಪುಟದಲ್ಲೇ ಆ ಮಾತು ಹಾಕತೊಡಗಿತು. ಒಂದು ರಾಜ್ಯ ಹೇಳಿದ್ದಕ್ಕೆ ಇಷ್ಟಾಗುವುದಾದರೆ, 140 ಕೋಟಿ ಜನರ ದೇಶ ಹೇಳಿದರೆ ಆಗುವುದಿಲ್ಲವೇ? ಆ ಮಾತು ಕನ್ನಡದಲ್ಲೂ ಇರಲಿ. 38 ಪುಟ ಬೇಡ, ಮೂರು ಸಾಲು ಸಾಕು: ಏನು ಕೊಡುತ್ತಿದ್ದೇವೆ, ಕನಿಷ್ಠ ಎಷ್ಟು ವರ್ಷ ನಡೆಯುತ್ತದೆ, ನಿಲ್ಲಿಸಿದರೆ ನಿಮಗೆ ಏನು ಸಿಗುತ್ತದೆ.

ನಿಲ್ಲಿಸುವ ಕಂಪನಿ ಆಟವನ್ನು ಓಡುವ ಸ್ಥಿತಿಯಲ್ಲಿ ಬಿಡಬೇಕು. ಅದು ಆಗದಿದ್ದರೆ ದುಡ್ಡು ವಾಪಸ್ ಕೊಡಬೇಕು. ಹತ್ತು ವರ್ಷ ಆಡಿದವನಿಗೂ ಪೂರ್ತಿ ಕೊಡಿ ಎನ್ನುವುದಿಲ್ಲ, ಲೆಕ್ಕ ಹಾಕಿ ಕೊಡಲಿ. ಸರ್ಕಾರವೇ ನಿಷೇಧಿಸಿದರೆ, ಆ ಆದೇಶದ ಜೊತೆಗೇ ಗಿರಾಕಿಗಳ ಹಣದ ದಾರಿಯನ್ನೂ ಹೇಳಬೇಕು. ಗೇಮಿಂಗ್ ಕಾಯ್ದೆಯ ಕೆಲಸ ಅಶ್ವಿನಿ ವೈಷ್ಣವ್ ಅವರ ಐಟಿ ಸಚಿವಾಲಯದ್ದು, ನಿಮ್ಮದಲ್ಲ, ಅದು ಗೊತ್ತು. ಆದರೆ ಗ್ರಾಹಕ ಎಂಬ ಪದ ಎಲ್ಲಿ ಬರಬೇಕೋ ಅಲ್ಲಿ ಮಾತಾಡುವ ಅಧಿಕಾರ ನಿಮ್ಮದೇ. ಆ ಕಾಯ್ದೆ ಹೇಳುವ ಪ್ರಾಧಿಕಾರದಲ್ಲಿ ನಿಮ್ಮ ಸಚಿವಾಲಯದ ಒಬ್ಬರು ಕೂರಲಿ.

ಎಲ್ಲಕ್ಕಿಂತ ಸುಲಭದ್ದನ್ನು ಕೊನೆಗೆ ಕೇಳುತ್ತೇನೆ. ಅನ್ಯಾಯದ ಒಪ್ಪಂದದ ದೂರನ್ನು, ಸಣ್ಣ ಮೊತ್ತದ ಮಟ್ಟಿಗಾದರೂ, ಜಿಲ್ಲಾ ಆಯೋಗವೇ ಕೇಳುವಂತೆ ಕಾಯ್ದೆಗೆ ಒಂದು ತಿದ್ದುಪಡಿ ತನ್ನಿ. ಎರಡು ದಿನದಲ್ಲಿ ಎರಡೂ ಸದನ ದಾಟಿಸುವುದು ನಿಮ್ಮ ಸರ್ಕಾರಕ್ಕೆ ಹೊಸದಲ್ಲ.

ಈ ಪತ್ರದ ಪ್ರತಿಯನ್ನು, ಆ 38 ಪುಟಗಳ ಝೆರಾಕ್ಸ್ ಜೊತೆ, ನಿಮ್ಮ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದ್ದೇನೆ. ಪೂರ್ತಿ ಓದಲು ನಿಮಗೆ ಪುರುಸೊತ್ತು ಇರುವುದಿಲ್ಲ. ಹದಿನೇಳನೇ ಪುಟದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದಿದ್ದೇನೆ, ಅದೊಂದು ಸಾಲು ನೋಡಿ. ಮಗ ಆ 60 ಜಿಬಿ ಫೋಲ್ಡರನ್ನು ಇನ್ನೂ ಅಳಿಸಿಲ್ಲ. ಜಾಗ ಸಾಲುತ್ತಿಲ್ಲ, ತೆಗೆದುಹಾಕು ಎಂದರೆ ‘ಇರಲಿ ಅಪ್ಪಾ, ಸಚಿವರ ಉತ್ತರ ಬರಲಿ’ ಎನ್ನುತ್ತಾನೆ.

ಇಂತಿ ನಿಮ್ಮ ವಿಶ್ವಾಸಿ,
ಸಪ್ತಾಪುರದ ಒಬ್ಬ ಝೆರಾಕ್ಸ್ ಅಂಗಡಿಯವನು,
ಧಾರವಾಡ